ಮೆಸ್ಕಾಂ ಬಿಲ್ ಹಿಡಿದು ಯುರೇನಿಯಂ ಲೆಕ್ಕ ಹಾಕುವುದು ಹೇಗೆ?

2047ಕ್ಕೆ 1 ಲಕ್ಷ ಮೆಗಾವಾಟ್ ಅಣು ವಿದ್ಯುತ್ ಎಂದು 2025ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಗುರಿ ಇಟ್ಟಿತು. ಆಗ ದೇಶದಲ್ಲಿ ಇದ್ದದ್ದು ಸುಮಾರು 8,000 ಮೆಗಾವಾಟ್. ಇದಕ್ಕೆಲ್ಲ ಯುರೇನಿಯಂ ಎಷ್ಟು ಬೇಕು, ಎಲ್ಲಿಂದ ಬರಬೇಕು? ಮನೆಯ ಬಿಲ್ ಮತ್ತು ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ನೀವೇ ಅಂದಾಜು ಮಾಡಬಹುದು.

ಮೊದಲು ಬಿಲ್‌ನಲ್ಲಿ ಯೂನಿಟ್ ನೋಡಿ. ಗೃಹಜ್ಯೋತಿಯಿಂದ ಕಟ್ಟುವ ಹಣ ಸೊನ್ನೆ ಇದ್ದರೂ ಬಳಸಿದ ಯೂನಿಟ್ ಅಲ್ಲೇ ಇರುತ್ತದೆ. ತಿಂಗಳಿಗೆ 150 ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,800.

ಈಗ ಅದನ್ನು 50,000ದಿಂದ ಭಾಗಿಸಿ. ಕೈಗಾದಂಥ ಭಾರಜಲ ರಿಯಾಕ್ಟರಿನಲ್ಲಿ 1 ಕೆಜಿ ಯುರೇನಿಯಂನಿಂದ ಹೆಚ್ಚುಕಮ್ಮಿ ಅಷ್ಟು ಯೂನಿಟ್ ಕರೆಂಟ್ ಸಿಗುತ್ತದೆ. ಉತ್ತರ 36 ಗ್ರಾಂ. ಇಡೀ ವರ್ಷಕ್ಕೆ ಇಷ್ಟೇ! ಪಣಂಬೂರು ಬಂದರಿನಲ್ಲಿ ಇಳಿದು ಎಲ್ಲೂರಿನ ಸ್ಥಾವರಕ್ಕೆ ಹೋಗುವ ಕಲ್ಲಿದ್ದಲಿನಲ್ಲಿ ಇದೇ ಲೆಕ್ಕ ಹಾಕಿ. ಕೆಜಿಗೆ 2 ಯೂನಿಟ್ ಹಿಡಿದರೂ 900 ಕೆಜಿ ಸುಡಬೇಕು.

ಇಲ್ಲಿಗೆ ನಿಲ್ಲಿಸಿದರೆ ಅಣು ವಿದ್ಯುತ್ ತುಂಬಾ ಸುಲಭ ಅನ್ನಿಸುತ್ತದೆ, ಅಲ್ವಾ? ಮುಂದಿನ ಹೆಜ್ಜೆ ಬಿಡಬೇಡಿ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ, ಒಟ್ಟು 880. 1 ಮೆಗಾವಾಟ್ ಅಂದರೆ ಗಂಟೆಗೆ 1,000 ಯೂನಿಟ್; ಹಾಗಾಗಿ ವರ್ಷವಿಡೀ ಓಡಿದರೆ ಸುಮಾರು 770 ಕೋಟಿ ಯೂನಿಟ್. ಮತ್ತೆ 50,000ದಿಂದ ಭಾಗಿಸಿ, ರಿಪೇರಿಯ ದಿನಗಳನ್ನು ಕಳೆಯಿರಿ. ಸುಮಾರು 140 ಟನ್ ಬರುತ್ತದೆ. 1 ಲಕ್ಷ ಮೆಗಾವಾಟ್ ಅಂದರೆ ಇದರ 113 ಪಟ್ಟು. ವರ್ಷಕ್ಕೆ ಹತ್ತಿರ ಹತ್ತಿರ 16,000 ಟನ್! ಇಡೀ ಜಗತ್ತಿನ ರಿಯಾಕ್ಟರುಗಳು ಈಗ ವರ್ಷಕ್ಕೆ ಬಳಸುವುದು ಸುಮಾರು 65,000 ಟನ್. ಅದರ ಕಾಲು ಭಾಗ ನಮಗೊಬ್ಬರಿಗೇ ಬೇಕಾಗುತ್ತದೆ.

ಆಮೇಲೆ ಕೇಳಬೇಕಾದ್ದು, ಯಾವ ಯುರೇನಿಯಂ ಎಲ್ಲಿಗೆ ಹೋಗುತ್ತದೆ ಎಂದು. ಇದನ್ನು ಚರ್ಚೆಗಳಲ್ಲಿ ಜಾಸ್ತಿ ಜನ ಮರೆಯುತ್ತಾರೆ. ಕಜಾಕಿಸ್ತಾನ, ಕೆನಡಾ, ರಷ್ಯಾದಿಂದ ತಂದದ್ದನ್ನು ಅಂತರರಾಷ್ಟ್ರೀಯ ತಪಾಸಣೆಗೆ (ಇಂಧನ ಬಾಂಬಿಗೆ ಹೋಗುತ್ತಿಲ್ಲವೇ ಎಂದು ನೋಡುವ ವ್ಯವಸ್ಥೆ) ಒಪ್ಪಿಸಿದ ಸ್ಥಾವರಗಳಲ್ಲಿ ಮಾತ್ರ ಬಳಸಬಹುದು. ಕೈಗಾದ ಈ ನಾಲ್ಕು ಘಟಕಗಳು ಆ ಪಟ್ಟಿಯಲ್ಲಿಲ್ಲ. ಅವು ನಡೆಯುವುದು ಜಾರ್ಖಂಡಿನ ಜಾದುಗುಡ, ಆಂಧ್ರದ ತುಮ್ಮಲಪಲ್ಲಿಯಂಥ ನಮ್ಮದೇ ಗಣಿಗಳ ಅದಿರಿನಿಂದ. ಆ ಅದಿರು ಬಡ ಅದಿರು. ಕೆನಡಾದ ಒಳ್ಳೆಯ ಗಣಿಗಳಲ್ಲಿ 100 ಕೆಜಿ ಕಲ್ಲಿಗೆ ಕೆಲವು ಕೆಜಿ ಯುರೇನಿಯಂ ಸಿಕ್ಕರೆ ನಮ್ಮಲ್ಲಿ 100 ಗ್ರಾಂ ಕೂಡ ಸಿಗುವುದಿಲ್ಲ. ನಮ್ಮ ಯಾದಗಿರಿಯ ಗೋಗಿಯಲ್ಲೂ ನಿಕ್ಷೇಪ ಪತ್ತೆಯಾಗಿದೆ. ಆದರೆ ಗಣಿ ತೋಡುವುದೆಂದರೆ ಅಲ್ಲಿನ ಜನರ ನೀರು, ನೆಲದ ಪ್ರಶ್ನೆ. ಅದನ್ನು ಕರಾವಳಿಯಲ್ಲಿ ಕೂತು ನಾವು ಹಗುರವಾಗಿ ತೀರ್ಮಾನಿಸಬಾರದು.

ಯುರೇನಿಯಂ ಕೊರತೆ ಸುಮ್ನೆ ಹೆದರಿಕೆಯ ಮಾತಲ್ಲ. ಅದರಿಂದಲೇ ಕೈಗಾದ 4ನೇ ಘಟಕ ತಡವಾಗಿ, 2011ರ ಜನವರಿಯಲ್ಲಿ ಗ್ರಿಡ್ ಸೇರಿತು. ಪೂರೈಕೆ ಸರಿಹೋದ ಮೇಲೆ 1ನೇ ಘಟಕ ದೇಶದ ಯುರೇನಿಯಂನಲ್ಲೇ 962 ದಿನ ಎಡೆಬಿಡದೆ ಓಡಿ, 2018ರಲ್ಲಿ ಆಗಿನ ವಿಶ್ವದಾಖಲೆ ಮಾಡಿತು. ಇದು ನಿಜಕ್ಕೂ ಹೆಮ್ಮೆಯ ವಿಷಯ.

ಇನ್ನು ಹೊಸ ರಿಯಾಕ್ಟರಿನ ಸುದ್ದಿ ಓದುವಾಗ ಮೂರು ವಿಷಯ ಹುಡುಕಿ: ಎಷ್ಟು ಮೆಗಾವಾಟ್, ತಪಾಸಣೆಯ ಪಟ್ಟಿಯಲ್ಲಿದೆಯೇ, ಇಂಧನದ ಒಪ್ಪಂದ ಎಷ್ಟು ವರ್ಷಕ್ಕೆ.

ಕೇರಳದ ಮರಳಿನಲ್ಲಿ ಥೋರಿಯಂ ಇದೆಯಲ್ಲ ಎನ್ನುವವರೂ ಸಿಗುತ್ತಾರೆ. ಇದೆ, ಬೇಕಾದಷ್ಟಿದೆ. ಆದರೆ ಥೋರಿಯಂ ತಾನಾಗಿಯೇ ಇಂಧನವಾಗುವುದಿಲ್ಲ. ರಿಯಾಕ್ಟರಿನೊಳಗಿಟ್ಟು ಅದನ್ನು ಯುರೇನಿಯಂ-233 ಆಗಿ ಬದಲಿಸಬೇಕು. ಆ ಕೆಲಸ ಶುರುಮಾಡಲು ಮೊದಲು ಯುರೇನಿಯಂ ಅಥವಾ ಪ್ಲುಟೋನಿಯಂ ಬೇಕು. ಹಾಗಾಗಿ ನಿಮ್ಮ 16,000 ಟನ್ ಲೆಕ್ಕದಿಂದ ಸದ್ಯಕ್ಕೆ ಥೋರಿಯಂ ಹೆಸರಿನಲ್ಲಿ ಏನನ್ನೂ ಕಳೆಯಬೇಡಿ.