ಮೀಸೆ ಕೊನೆಗೆ: ರಂಗದ ಮೇಲೆ ನಟಿ ಗಂಡಾಗುವುದು ಹೇಗೆ?

ಮಹಿಳಾ ಸಮಾಜದ ವಾರ್ಷಿಕೋತ್ಸವವಿರಲಿ, ಕಾಲೇಜಿನ ನಾಟಕ ಸ್ಪರ್ಧೆಯಿರಲಿ, ಗಂಡು ಪಾತ್ರ ಸಿಕ್ಕ ಹುಡುಗಿ ಮೊದಲು ಕೇಳುವುದು ಮೀಸೆಯನ್ನು. ಆಮೇಲೆ ಗಂಟಲು ಒತ್ತಿ ದಪ್ಪ ದನಿ ತೆಗೆಯುತ್ತಾಳೆ. ಅದೂ ಸಾಲದೆಂದು ಎದೆ ಉಬ್ಬಿಸಿ, ತೋಳು ಅಗಲಿಸಿ ನಡೆಯುತ್ತಾಳೆ. ಮೂರೂ ಸೇರಿದರೆ ಸಭೆಯಲ್ಲಿ ನಗು ಖಂಡಿತ. ಹಾಸ್ಯ ನಾಟಕವಾದರೆ ಅಷ್ಟೇ ಸಾಕು. ಆದರೆ ಜನ ಎರಡು ಗಂಟೆ ಕುಳಿತು ಆ ಪಾತ್ರವನ್ನು ನಂಬಬೇಕಾದರೆ ಕೆಲಸವನ್ನು ಇನ್ನೊಂದು ತುದಿಯಿಂದ ಹಿಡಿಯಬೇಕು.

ಇದು ಆಗದ ಕೆಲಸವೇನಲ್ಲ. ಕಂಪನಿ ನಾಟಕಗಳ ಆರ್. ನಾಗರತ್ನಮ್ಮ 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರಗಳೂ ಹೆಂಗಸರದೇ. ಕಂಸ, ರಾವಣ, ದುರ್ಯೋಧನರಂಥ ಅಬ್ಬರದ ಪಾತ್ರಗಳಲ್ಲಿ ಹೆಸರು ಮಾಡಿದವರು ಸ್ವತಃ ನಾಗರತ್ನಮ್ಮನವರೇ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಫ್ರಾನ್ಸಿನ ಸಾರಾ ಬರ್ನ್‌ಹಾರ್ಟ್ 1899ರಲ್ಲಿ ಹ್ಯಾಮ್ಲೆಟ್ ಆದಾಗ ಅವರ ವಯಸ್ಸು ಐವತ್ತು ದಾಟಿತ್ತು. ಮರುವರ್ಷ ನೆಪೋಲಿಯನ್ನನ ಮಗನ ಪಾತ್ರ ಮಾಡಿದರು. ಆ ಮಗ ಸತ್ತದ್ದು ಇಪ್ಪತ್ತೊಂದನೇ ವಯಸ್ಸಿನಲ್ಲಿ!

ಮೊದಲು: ಯಾವ ಬಗೆಯ ನಾಟಕ, ಯಾವ ಗಂಡು?

ತಾಲೀಮು ಶುರುವಾಗುವ ಮೊದಲೇ ನಿರ್ದೇಶಕರೊಂದಿಗೆ ಕುಳಿತು ಒಂದು ತೀರ್ಮಾನಕ್ಕೆ ಬರಬೇಕು. ಪ್ರೇಕ್ಷಕರು ನಿಮ್ಮನ್ನು ನಿಜವಾದ ಗಂಡಸೆಂದೇ ಭ್ರಮಿಸಬೇಕೇ, ಹೆಣ್ಣು ಆಡುತ್ತಿದ್ದಾಳೆಂದು ತಿಳಿದೇ ಪಾತ್ರವನ್ನು ಒಪ್ಪಬೇಕೇ? ಎರಡೂ ಸರಿಯಾದ ದಾರಿಗಳೇ. ಜಪಾನಿನ ತಕರಾಜುಕಾ ತಂಡ 1914ರಿಂದ ಪ್ರದರ್ಶನ ನೀಡುತ್ತಿದೆ, ಅಲ್ಲಿರುವವರೆಲ್ಲ ನಟಿಯರು. ಗಂಡು ಪಾತ್ರಕ್ಕೆ ಆರಿಸಿಕೊಂಡವರು ಸಾಮಾನ್ಯವಾಗಿ ಅದರಲ್ಲೇ ಮುಂದುವರಿಯುತ್ತಾರೆ. ಅವರು ತೋರಿಸುವ ಗಂಡು ಬೀದಿಯಲ್ಲಿ ಸಿಗುವವನಲ್ಲ, ಕನಸಿನಲ್ಲಿ ಬರುವವನು. ಲಂಡನ್ನಿನ ಡಾನ್ಮಾರ್ ವೇರ್‌ಹೌಸ್‌ನಲ್ಲಿ 2012ರಲ್ಲಿ ಹೆಂಗಸರೇ ಆಡಿದ ಜೂಲಿಯಸ್ ಸೀಸರ್ ಇದಕ್ಕೆ ತದ್ವಿರುದ್ಧ. ಹೆಂಗಸರ ಜೈಲಿನಲ್ಲಿ ಕೈದಿಗಳು ಆಡುವ ನಾಟಕವೆಂದೇ ಅದನ್ನು ಕಟ್ಟಿದ್ದರು. ಹ್ಯಾರಿಯೆಟ್ ವಾಲ್ಟರ್ ಅವರ ಬ್ರೂಟಸ್ ಯಾರನ್ನೂ ಭ್ರಮೆಗೆ ಕೆಡವುವ ಗೋಜಿಗೆ ಹೋಗಬೇಕಿರಲಿಲ್ಲ. ನಮ್ಮ ಯಕ್ಷಗಾನದಲ್ಲಿ ಕಿರೀಟ, ಭುಜಕೀರ್ತಿ, ದಗಲೆಗಳೇ ಅರ್ಧ ಆಳನ್ನು ಕಟ್ಟಿಕೊಡುತ್ತವೆ. ಕುಣಿತವೂ ಪಾತ್ರಕ್ಕೆ ಗೊತ್ತುಪಡಿಸಿದ್ದು, ಕಲಿಯುವವರು ಗಂಡಾದರೂ ಹೆಣ್ಣಾದರೂ ಹೆಜ್ಜೆ ಅದೇ.

ಹಾಗಾಗಿ ಕೇಳುವುದಕ್ಕೆ ವಿಚಿತ್ರವೆನಿಸಿದರೂ ನನ್ನ ಅಭಿಪ್ರಾಯ ಇದು: ಹೊಸಬರಿಗೆ ದುರ್ಯೋಧನ ಸುಲಭ, ಬ್ಯಾಂಕಿನ ಗುಮಾಸ್ತ ಕಷ್ಟ. ಗದೆ, ಎದೆಕವಚ, ಕಂದಪದ್ಯ ಒಂದೂ ಇಲ್ಲದೆ, ಬರೀ ಅರ್ಧ ತೋಳಿನ ಅಂಗಿಯಲ್ಲಿ ನಿಂತು ಗಂಡಾಗುವುದೇ ನಿಜವಾದ ಪರೀಕ್ಷೆ. ಈ ಲೇಖನ ಮುಖ್ಯವಾಗಿ ಆ ಗುಮಾಸ್ತನಿಗಾಗಿ.

ಅವನನ್ನು ಹುಡುಕಲು ಸಿನಿಮಾ ನೋಡಬೇಡಿ. ಬಸ್ ನಿಲ್ದಾಣಕ್ಕೆ, ದರ್ಶಿನಿಗೆ, ಉಪನೋಂದಣಿ ಕಚೇರಿಯ ಹೊರಗಿನ ಜಗಲಿಗೆ ಹೋಗಿ. ನಿಮ್ಮ ಪಾತ್ರದ ವಯಸ್ಸು, ಕಸುಬು ಇರುವ ಒಬ್ಬನೇ ಒಬ್ಬನನ್ನು ಆರಿಸಿಕೊಂಡು ದೂರದಿಂದ ಗಮನಿಸಿ. ಹೆಗಲ ಮೇಲಿನ ಟವೆಲನ್ನು ಯಾವಾಗ ಕೆಳಗಿಳಿಸುತ್ತಾನೆ? ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದವನು ಯಾರು ಎದುರಾದಾಗ ಅದನ್ನು ಬಿಡುತ್ತಾನೆ? ಗಂಡಸರೆಲ್ಲ ಯಾವಾಗಲೂ ಜಾಗ ಹಿಡಿದು ಹರಡಿಕೊಂಡೇ ಇರುತ್ತಾರೆಂಬುದು ಸುಳ್ಳೆಂದು ಅಲ್ಲಿ ಗೊತ್ತಾಗುತ್ತದೆ. ಮನೆಯಲ್ಲಿ ಹುಲಿಯಾದವನು ತಹಶೀಲ್ದಾರರ ಮೇಜಿನ ಮುಂದೆ ಎರಡೂ ಕೈ ಕಟ್ಟಿ, ಬೆನ್ನು ಬಗ್ಗಿಸಿ ಅರ್ಧ ಆಳಾಗಿರುತ್ತಾನೆ. ರಂಗದ ಮೇಲೆ ‘ಗಂಡಸು’ ಎಂಬ ಪಾತ್ರವನ್ನು ಯಾರೂ ಆಡಲಾರರು. ಯಾರಿಗೆ ಹೆದರುತ್ತಾನೆ, ಯಾರನ್ನು ಹೆದರಿಸುತ್ತಾನೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಅವನ ಮೈ ಹೇಗಿರಬೇಕೆಂಬುದು ಮುಕ್ಕಾಲು ಪಾಲು ಗೊತ್ತಾದಂತೆ.

ಆಮೇಲೆ: ಕಲಿತದ್ದನ್ನು ಬಿಡುವುದು

ಗಂಡಿನ ಚಲನೆ ಕಲಿಯುವುದಕ್ಕಿಂತ ಚಿಕ್ಕಂದಿನಿಂದ ಮೈಗೆ ಹತ್ತಿದ್ದನ್ನು ಕಳಚುವುದೇ ದೊಡ್ಡ ಕೆಲಸ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳುವುದು, ಮಾತು ಮುಗಿದೊಡನೆ ಸಣ್ಣದಾಗಿ ನಗುವುದು, ಕೇಳುವಾಗ ತಲೆ ವಾಲಿಸುವುದು, ಕೂರುವ ಮೊದಲು ಸೀರೆಯ ಹಿಂಭಾಗ ಸವರುವುದು. ಎಲ್ಲಕ್ಕಿಂತ ಅಪಾಯಕಾರಿ, ಬೆಚ್ಚಿದಾಗ ಕೈ ತಾನಾಗಿ ಎದೆಗೆ ಹೋಗಿ ಇಲ್ಲದ ಸೆರಗನ್ನು ಹುಡುಕುವುದು. ಒಂದೂವರೆ ಗಂಟೆ ಕಷ್ಟಪಟ್ಟು ಕಟ್ಟಿದ ಗಂಡು ಆ ಒಂದು ಕ್ಷಣದಲ್ಲಿ ಉರುಳುತ್ತಾನೆ. ತಾಲೀಮನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು, ದನಿ ಬಂದ್ ಮಾಡಿ ನೋಡಿ. ಇವೆಲ್ಲ ಕಣ್ಣಿಗೆ ಬೀಳುತ್ತವೆ.

ನಿಲುವನ್ನು ಪಾದದಿಂದ ಕಟ್ಟಿ. ಪಾದಗಳ ನಡುವೆ ಸೊಂಟದಷ್ಟು ಅಂತರವಿರಲಿ, ಭಾರ ಎರಡರ ಮೇಲೂ ಸಮನಾಗಿ ಬೀಳಲಿ. ಒಂದೇ ಕಾಲಿಗೆ ಭಾರ ಕೊಟ್ಟೊಡನೆ ಸೊಂಟ ಒಂದು ಬದಿಗೆ ಎದ್ದು ನಿಲ್ಲುತ್ತದೆ. ನಡೆಯುವಾಗ ಎರಡೂ ಪಾದ ಒಂದೇ ಗೆರೆಯ ಮೇಲೆ ಬೀಳದೆ ಎರಡು ಗೆರೆಗಳ ಮೇಲೆ ಸಾಗಲಿ. ಅದೊಂದರಿಂದಲೇ ಸೊಂಟದ ಬಳುಕು ಕಡಿಮೆಯಾಗುತ್ತದೆ. ಏಳುವಾಗ ಕೈಗಳನ್ನು ಮೊಣಕಾಲ ಮೇಲೂರಿ ಏಳಿ. ಮುಖ್ಯವಾಗಿ, ಚಲನೆಯ ಸಂಖ್ಯೆ ಕಡಿಮೆ ಮಾಡಿ: ಒಂದು ಮಾತಿಗೆ ಮೂರು ಸನ್ನೆ ಇದ್ದರೆ ಎರಡನ್ನು ತೆಗೆದುಹಾಕಿ. ಅಲುಗಾಡದೆ ನಿಂತವನ ಕಡೆಗೆ ಪ್ರೇಕ್ಷಕರ ಕಣ್ಣು ತಾನಾಗಿ ಹೋಗುತ್ತದೆ. ಎದೆ ಉಬ್ಬಿಸಿದಾಗ ಹೋಗುವುದು ಉಬ್ಬಿದ ಎದೆಯ ಕಡೆಗೆ, ನಿಮಗೆ ಬೇಡವಾದದ್ದೂ ಅದೇ.

ದನಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಏಕೆಂದರೆ ಹಾನಿ ಆಗುವುದೂ ಇಲ್ಲಿಯೇ.

ಸಾಮಾನ್ಯ ಮಾತಿನಲ್ಲಿ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ ಕಂಪಿಸುತ್ತವೆ, ಹೆಂಗಸರವು ಸುಮಾರು 180ರಿಂದ 220 ಸಲ. ಗಂಟಲು ಒತ್ತಿ ಈ ಅಂತರವನ್ನು ದಾಟಲು ಹೊರಟವರ ದನಿ ಮೂರನೇ ತಾಲೀಮಿಗೆ ಕಟ್ಟಿಕೊಳ್ಳುತ್ತದೆ. ದಾಟುವ ಅಗತ್ಯವೂ ಇಲ್ಲ. ಕಿವಿ ಗಂಡು ಹೆಣ್ಣಿನ ದನಿಯನ್ನು ಶ್ರುತಿಯೊಂದರಿಂದಲೇ ಅಳೆಯುವುದಿಲ್ಲ. ಗಂಟಲಿನಿಂದ ತುಟಿಯವರೆಗಿನ ಹಾದಿ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್, ಹೆಂಗಸರಲ್ಲಿ ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಕಡಿಮೆ. ದನಿಯ ಗಾತ್ರವೆಂದು ನಾವು ಹೇಳುವುದು ಬಹುಪಾಲು ಇದರಿಂದ ಬರುವ ಅನುರಣನವನ್ನು. ಅದನ್ನು ಸ್ವಲ್ಪ ಬದಲಿಸಲು ಸಾಧ್ಯ.

ಬಾಯಿ ಮುಚ್ಚಿ, ಅಂಗೈಯನ್ನು ಎದೆಯ ಮೇಲಿಟ್ಟು ‘ಮ್’ ಎಂದು ಗುನುಗಿ. ನಿಮ್ಮ ಎಂದಿನ ಶ್ರುತಿಯಿಂದ ಹಾರ್ಮೋನಿಯಂನ ಎರಡು ಮೂರು ಮನೆಯಷ್ಟೇ ಇಳಿಯಿರಿ, ಎದೆಯಲ್ಲಿ ಕಂಪನ ಕೈಗೆ ಹತ್ತುವ ಜಾಗದಲ್ಲಿ ನಿಲ್ಲಿ. ಆಕಳಿಕೆ ಬರುವಾಗ ಗಂಟಲಿನ ಒಳಗೆ ಜಾಗ ತೆರೆದುಕೊಳ್ಳುತ್ತದಲ್ಲ, ಆ ಸಡಿಲವನ್ನು ಉಳಿಸಿಕೊಂಡು ‘ಮಾ’, ‘ಮೋ’ ಎಂದು ಬಾಯಿ ತೆರೆಯಿರಿ. ಆಮೇಲೆ ಮಾತು. ಗಂಟಲಿನಲ್ಲಿ ತುರಿಕೆ, ಕೆಮ್ಮು ಬಂದರೆ ಆ ದಿನಕ್ಕೆ ಅಷ್ಟೇ.

ಶ್ರುತಿಗಿಂತ ದೊಡ್ಡ ವ್ಯತ್ಯಾಸ ತರುವುದು ಏರಿಳಿತ. ಒಂದೇ ವಾಕ್ಯದಲ್ಲಿ ದನಿ ಮೂರು ಸಲ ಮೇಲಕ್ಕೆ ಹಾರುತ್ತಿದ್ದರೆ ಅದನ್ನು ಒಂದಕ್ಕೆ ಇಳಿಸಿ. ಒತ್ತು ಬೇಕಾದಲ್ಲಿ ದನಿ ಏರಿಸುವ ಬದಲು ಅಕ್ಷರವನ್ನು ಕೊಂಚ ಎಳೆಯಿರಿ, ಇಲ್ಲವೇ ಮಾತಿಗೆ ಮೊದಲು ನಿಲ್ಲಿಸಿ.

ಕನ್ನಡದಲ್ಲಿ ಆಡುವವರಿಗೆ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದ ಪ್ರಾಣ ಕೊನೆಯಲ್ಲಿರುತ್ತದೆ, ದನಿ ಇಳಿಸಿ ಆಡುವವರ ಉಸಿರು ಸೋಲುವುದೂ ಅಲ್ಲಿಯೇ. ‘ನಾಳೆ ಬೆಳಿಗ್ಗೆ ನಾನು ಊರಿಗೆ ಹೋಗುವುದಿಲ್ಲ’ ಎಂಬ ಮಾತಿನ ‘ಇಲ್ಲ’ ನುಂಗಿಹೋದರೆ ಹಿಂದಿನ ಸಾಲಿನವರಿಗೆ ನಾಯಕ ಊರಿಗೆ ಹೊರಟೇಬಿಟ್ಟ! ಆದ್ದರಿಂದ ಕ್ರಿಯಾಪದಕ್ಕೆಂದೇ ಉಸಿರು ಉಳಿಸಿಕೊಳ್ಳಬೇಕು. ಸಂಭಾಷಣೆಯ ಪ್ರತಿಯಲ್ಲಿ ಉಸಿರು ತೆಗೆದುಕೊಳ್ಳುವ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳಿ.

ಮಾತನ್ನೆಲ್ಲ ಸಾಧಿಸಿದ ಮೇಲೂ ಕೈಕೊಡುವುದು ಮಾತಲ್ಲದ ಸದ್ದುಗಳು. ನಗು, ಕೆಮ್ಮು, ಅಳು, ನೋವಿನ ಉದ್ಗಾರ, ಯಾರನ್ನೋ ದೂರದಿಂದ ಕೂಗುವುದು. ಇವೆಲ್ಲ ಹುಟ್ಟುಶ್ರುತಿಯಲ್ಲೇ ಹೊರಬರುತ್ತವೆ. ಪಾತ್ರದ ನಗುವನ್ನು ಒಂದು ಸಂಭಾಷಣೆಯಂತೆಯೇ ಬೇರೆಯಾಗಿ ಕಲಿಯಬೇಕು. ಸಿಟ್ಟಿನ ದೃಶ್ಯದಲ್ಲಿ ಕಿರುಚುವ ಬದಲು ದನಿ ತಗ್ಗಿಸಿ ನೋಡಿ, ಹೆಚ್ಚಿನ ಸಲ ಅದೇ ಭಯ ಹುಟ್ಟಿಸುತ್ತದೆ.

ರಂಗಗೀತೆಗಳಿದ್ದರೆ ಹಾರ್ಮೋನಿಯಂ ಮೇಷ್ಟ್ರೊಂದಿಗೆ ಮೊದಲೇ ಶ್ರುತಿ ಗೊತ್ತುಮಾಡಿಕೊಳ್ಳಿ. ಮಂದ್ರದ ಸ್ವರಗಳು ಕೇಳದಷ್ಟು ಕೆಳಗಿಳಿಯುವುದು ಬೇಡ. ಮೈಕ್ ಇಲ್ಲದ ಕಾಲದ ಗಂಡು ನಟರು ಏರುಶ್ರುತಿಯಲ್ಲೇ ಹಾಡುತ್ತಿದ್ದರು, ಅವರನ್ನು ಯಾರೂ ಹೆಣ್ಣೆನ್ನಲಿಲ್ಲ.

ಉಡುಪು ಬೇಗ ಬರಲಿ

ಪ್ರದರ್ಶನದ ಹಿಂದಿನ ದಿನ ಪಂಚೆ ಉಡುವುದು ನಮ್ಮ ಹವ್ಯಾಸಿ ತಂಡಗಳ ಹಳೆಯ ಚಾಳಿ. ಪಂಚೆ, ಪ್ಯಾಂಟು, ಚಪ್ಪಲಿ ತಾಲೀಮಿನ ಮೊದಲ ವಾರಗಳಲ್ಲೇ ಮೈಮೇಲಿರಬೇಕು. ಕಚ್ಚೆ ಹಾಕಿದರೆ ಹೆಜ್ಜೆ ತಾನಾಗಿ ಅಗಲವಾಗುತ್ತದೆ, ಲುಂಗಿಯಂತೆ ಸುತ್ತಿದರೆ ಕಿರಿದಾಗುತ್ತದೆ. ತೂಕದ ಚರ್ಮದ ಮೆಟ್ಟು ನಡಿಗೆಯನ್ನು ಪಾಠವಿಲ್ಲದೆ ಕಲಿಸುತ್ತದೆ. ಅಂಗಿಯ ಭುಜದ ಹೊಲಿಗೆ ಸರಿಯಾಗಿ ಭುಜದ ಅಂಚಿಗೇ ಬರಬೇಕು. ಜಾರಿದರೆ ಅಪ್ಪನ ಅಂಗಿ ತೊಟ್ಟ ಮಗುವಿನಂತೆ ಕಾಣುತ್ತದೆ. ಸೊಂಟದ ಇಳಿಜಾರನ್ನು ಮರೆಸಲು ಒಳಗೆ ತೆಳುವಾದ ಟವೆಲೊಂದನ್ನು ಸುತ್ತಿ ಪಿನ್ ಹಾಕಿಕೊಳ್ಳಿ.

ಎದೆಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಕ್ರೇಪ್ ಬ್ಯಾಂಡೇಜ್ ಅಥವಾ ಅಂಟುಪಟ್ಟಿ ಬಿಗಿದುಕೊಳ್ಳಲೇಬಾರದು. ಅದು ಉಸಿರಾಟಕ್ಕೆ ಅಡ್ಡಿಯಾಗುತ್ತದೆ, ಪಕ್ಕೆಲುಬಿಗೂ ಪೆಟ್ಟು ಕೊಡಬಹುದು. ಅಳತೆಗೆ ಸರಿಯಾದ ಕ್ರೀಡಾ ಒಳಉಡುಪು, ಮೇಲೊಂದು ದಪ್ಪ ಬನಿಯನ್ನು, ಅದರ ಮೇಲೆ ಅಂಗಿ, ಬೇಕೆನಿಸಿದರೆ ಜುಬ್ಬಾ ಅಥವಾ ಕೋಟು, ಇಷ್ಟು ಸಾಕು. ಅದನ್ನು ತೊಟ್ಟು ನಿಮ್ಮ ಅತಿ ಉದ್ದದ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿ ನೋಡಿ, ಆಗದಿದ್ದರೆ ಬಿಗಿ ಹೆಚ್ಚಾಗಿದೆ.

ಕಾಲುಂಗುರ, ಮೂಗುಬೊಟ್ಟು, ಬಳೆ, ಉಗುರುಬಣ್ಣದ ಕಡೆ ಹಿಂದಿನ ದಿನವೇ ಗಮನವಿರಲಿ. ಮದುವೆಗೆ ಹೋಗಿ ಮೆಹಂದಿ ಹಾಕಿಸಿಕೊಂಡು ಬಂದ ಕೃಷ್ಣದೇವರಾಯರನ್ನು ಯಾವ ಮೇಕಪ್ಪೂ ಕಾಪಾಡಲಾರದು. ತಾಳಿ, ಕಾಲುಂಗುರ ತೆಗೆಯಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಕಿಲ್ಲ. ತಾಳಿ ಬನಿಯನ್ನಿನ ಒಳಗೆ ಹೋಗುತ್ತದೆ, ಕಾಲಿಗೆ ಮುಚ್ಚಿದ ಬೂಟು ಕೊಟ್ಟರಾಯಿತು.

ಈಗ ಮುಖ, ಈಗ ಮೀಸೆ

ಉದ್ದ ಕೂದಲನ್ನು ಸಣ್ಣ ಜಡೆಗಳಾಗಿ ಹೆಣೆದು ತಲೆಯ ಸುತ್ತ ಚಪ್ಪಟೆಯಾಗಿ ಪಿನ್ ಮಾಡಿ, ಮೇಲೆ ಬಿಗಿ ಬಲೆಟೋಪಿ, ಆಮೇಲೆ ವಿಗ್. ಕನ್ನಡಿಯಲ್ಲಿ ಮುಂದಿನಿಂದ ಮಾತ್ರ ನೋಡಿಕೊಂಡು ಬರಬೇಡಿ, ಗುಟ್ಟು ರಟ್ಟಾಗುವುದು ಹಿಂಗತ್ತಿನಲ್ಲಿ ಮತ್ತು ಕಿವಿಯ ಪಕ್ಕದಲ್ಲಿ. ಹುಬ್ಬನ್ನು ದಪ್ಪವಾಗಿ, ಕಮಾನು ಕಡಿಮೆಯಾಗುವಂತೆ ತೀಡಿ. ದವಡೆಯ ಅಂಚಿಗೆ, ಕೆನ್ನೆಮೂಳೆಯ ಕೆಳಗೆ ಕಂದು ನೆರಳು ಕೊಡಿ. ತುಟಿಯ ಕೆಂಪನ್ನು ಮುಖದ ಬಣ್ಣದಿಂದಲೇ ಮಂಕಾಗಿಸಿ. ಒರಟು ಸ್ಪಂಜಿನಿಂದ ಬೂದುಗಪ್ಪನ್ನು ದವಡೆಯ ಮೇಲೆ ಹಗುರವಾಗಿ ತಟ್ಟಿದರೆ ಕ್ಷೌರ ಮಾಡಿ ಎರಡು ದಿನವಾದ ಮುಖ ಸಿಗುತ್ತದೆ. ಅನೇಕ ಪಾತ್ರಗಳಿಗೆ ಅಷ್ಟೇ ಸಾಕು, ಮೀಸೆಯೇ ಬೇಡ.

ಬೇಕೇ ಬೇಕಾದರೆ ಸಣ್ಣದಿರಲಿ. ಕ್ರೇಪ್ ಕೂದಲನ್ನು ಎರಡು ಭಾಗ ಮಾಡಿ, ಮೂಗಿನ ಕೆಳಗಿನ ತಗ್ಗಿನ ಎರಡೂ ಬದಿಗೆ ಬೇರೆಬೇರೆಯಾಗಿ ಅಂಟಿಸಿ. ಒಂದೇ ತುಂಡಾದರೆ ಬಾಯಿ ತೆರೆದಾಗ ಅಂಚು ಏಳುತ್ತದೆ. ಮೀಸೆ ಅಂಟಿಸುವ ಸ್ಪಿರಿಟ್ ಗಮ್ ಎಂಬ ಅಂಟು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಮೊದಲೇ ಮುಂಗೈಗೆ ಹಚ್ಚಿ ಒಂದು ದಿನ ಕಾಯಿರಿ. ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಾಲಿಗೆ ಚೆನ್ನಾಗಿ ಕಂಡ ಮೀಸೆ, ಪ್ರೇಕ್ಷಕರು ಹತ್ತಿರ ಕೂರುವ ರಂಗಶಂಕರದಲ್ಲಿ ಅಂಟಿಸಿದ್ದೆಂದೇ ಕಾಣಬಹುದು. ಸಭಾಂಗಣ ಬದಲಾದಾಗ ಮೇಕಪ್ಪೂ ಬದಲಾಗಬೇಕು.

ಉಳಿದವರ ಪಾಲು

ನೀವು ಎಷ್ಟೇ ಸಾಧಿಸಿದರೂ ಜೊತೆಯ ನಟರು ಮನಸ್ಸು ಮಾಡದಿದ್ದರೆ ಪಾತ್ರ ನಿಲ್ಲುವುದಿಲ್ಲ. ಮಾವನವರು ಒಳಗೆ ಬಂದಾಗ ಸೊಸೆ ಎದ್ದು ನಿಂತಳೇ, ಆಳು ದಾರಿ ಬಿಟ್ಟನೇ, ಮಗ ಸಿಗರೇಟು ಬಚ್ಚಿಟ್ಟನೇ? ಬಂದವರು ಗಂಡೆಂದು ಪ್ರೇಕ್ಷಕರಿಗೆ ಮೊದಲು ಹೇಳುವವರು ಇವರು. ಎಲ್ಲರೂ ನಟಿಯರೇ ಇರುವ ತಂಡದಲ್ಲಿ ಹೆಣ್ಣು ಪಾತ್ರದವರು ಅತಿಯಾಗಿ ನಾಚಿ ಬಳುಕುವುದನ್ನು ನಿರ್ದೇಶಕರು ತಡೆಯಬೇಕು. ಅವರು ಅತಿ ಮಾಡಿದಷ್ಟೂ ನೀವೂ ಅತಿ ಮಾಡಬೇಕಾಗುತ್ತದೆ.

ಪರದೆ ಬಿದ್ದ ಮೇಲೆ ಮೊದಲು ಬಿಗಿ ಉಡುಪು ಕಳಚಿ ನಾಲ್ಕು ದೀರ್ಘ ಉಸಿರು ತೆಗೆದುಕೊಳ್ಳಿ. ಮೀಸೆಯನ್ನು ಕಿತ್ತೆಳೆಯದೆ, ಅಂಟು ಬಿಡಿಸುವ ದ್ರವವನ್ನು ಅಂಚಿಗೆ ಹಚ್ಚಿ ನಿಧಾನವಾಗಿ ಬಿಡಿಸಿ, ಉಳಿದ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಸಾಕು. ‘ಮ್’ ಎಂದು ಗುನುಗುತ್ತ ದನಿಯನ್ನು ಮೆಲ್ಲಗೆ ನಿಮ್ಮ ಎಂದಿನ ಶ್ರುತಿಗೆ ಏರಿಸಿ. ಅಭಿನಂದಿಸಲು ಬಂದವರ ಎದುರು ಪಾತ್ರದ ದನಿಯಲ್ಲಿ ಮತ್ತೊಮ್ಮೆ ಮಾತನಾಡಿ ತೋರಿಸುವ ಆಸೆಯಾಗುತ್ತದೆ. ಮರುದಿನವೂ ಪ್ರದರ್ಶನವಿದ್ದರೆ ಅದೊಂದನ್ನು ಮಾಡಬೇಡಿ.