ಬಾಕ್ಸಿನ ಸ್ಕ್ರೂ ಕೊನೆಗೆ: ಹಳೆಯ ಪಿಕಪ್‌ನ ಸ್ಟೀರಿಂಗ್ ಸರಿಪಡಿಸಿದ ನನ್ನ ಅನುಭವ

ಸ್ಟೀರಿಂಗ್ ಸಡಿಲವಾಗಿದೆ ಎಂದು ಗಾಡಿ ಒಯ್ದರೆ ಬಹಳಷ್ಟು ಗ್ಯಾರೇಜುಗಳಲ್ಲಿ ಮೊದಲು ಕೈ ಹೋಗುವುದು ಸ್ಟೀರಿಂಗ್ ಬಾಕ್ಸಿನ, ಅಂದರೆ ಸ್ಟೀರಿಂಗ್ ಕಂಬದ ಬುಡದಲ್ಲಿರುವ ಹಲ್ಲುಗಳ ಪೆಟ್ಟಿಗೆಯ, ಮೇಲಿರುವ ಸ್ಕ್ರೂಗೆ. ಚೆಕ್ ನಟ್ ಸಡಿಲಿಸಿ, ಸ್ಕ್ರೂ ಅರ್ಧ ಸುತ್ತು ಬಿಗಿದು, "ಆಯಿತು ನೋಡಿ" ಎನ್ನುತ್ತಾರೆ. ಹೊರಬೀಳುವಾಗ ಗಾಡಿ ಬಿಗಿಯಾಗಿಯೇ ಇರುತ್ತದೆ. ಆದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಎಳೆದು ತರಬೇಕಾಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಸಡಿಲು ಮತ್ತೆ ಹಾಜರು, ಜೊತೆಗೆ ಬಾಕ್ಸಿನ ಹಲ್ಲುಗಳಿಗೂ ಸವೆತ. ನನ್ನ ಪಿಕಪ್‌ಗೂ ಒಂದು ಕಡೆ ಇದೇ ಉಪಚಾರ ಆಗಿತ್ತು. ಆಮೇಲೆ ನಾನೇ ಕೂತು ಮುಂಭಾಗವನ್ನು ಪೂರ್ತಿ ಬಿಚ್ಚಿದೆ.

ಗಾಡಿ ಹಳೆಯ ಕಾಲದ್ದು. ಪವರ್ ಸ್ಟೀರಿಂಗ್ ಇಲ್ಲ. ಮುಂದೆ ಗಟ್ಟಿ ಆಕ್ಸಲ್, ಅದರ ಮೇಲೆ ಕಮಾನು ಪಟ್ಟಿ, ಎರಡೂ ತುದಿಗಳಲ್ಲಿ ಕಿಂಗ್ ಪಿನ್, ಅಂದರೆ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾಗುವ ನಿಲುವಿನ ಗೂಟ. ತೊಗರಿ ರಾಶಿಯ ಕಾಲದಲ್ಲಿ, ಅಂದರೆ ಡಿಸೆಂಬರ್–ಜನವರಿಯಲ್ಲಿ, ಚೀಲ ಹೊತ್ತು ಕಲಬುರಗಿಯ ನೆಹರು ಗಂಜ್‌ಗೆ ಹೋಗುತ್ತದೆ. ಉಳಿದ ಕಾಲ ಶಹಾಬಾದಿನಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ತರುತ್ತದೆ. ಎರಡೂ ಸ್ಟೀರಿಂಗಿಗೆ ಆಗದ ಕೆಲಸಗಳೇ. ಹೊಲದ ಎರೆ ಮಣ್ಣು ಮಳೆಗಾಲದಲ್ಲಿ ಸ್ಟೀರಿಂಗಿನ ಸರಳುಗಳು ಸೇರುವ ಬಾಲ್ ಜಾಯಿಂಟುಗಳ ಸುತ್ತ ಮೆತ್ತಿ, ಒಣಗಿ, ರಬ್ಬರ್ ಟೊಪ್ಪಿಗೆಯನ್ನು ಹರಿಯುತ್ತದೆ. ಹರಿದ ಕಡೆಯಿಂದ ಫರಸಿಯ ಪುಡಿ ಒಳಗಿಳಿಯುತ್ತದೆ. ಅದು ಗ್ರೀಸಿನೊಂದಿಗೆ ಬೆರೆತರೆ ಮತ್ತೇನು, ಉಕ್ಕನ್ನೇ ಅರೆಯುವ ಲೇಪ ತಯಾರು. ಕಲ್ಲಿನ ಭಾರ ಹಿಂದೆ ಹೆಚ್ಚಾದಾಗ ಮುಂದಿನ ಚಕ್ರಗಳು ಹಗುರಾಗಿ, ಇದ್ದ ಸಡಿಲು ಇನ್ನಷ್ಟು ಎದ್ದು ಕಾಣುತ್ತದೆ.

ನನ್ನ ಗಾಡಿಯಲ್ಲಿ ಮೂರು ದೂರುಗಳಿದ್ದವು. ಸ್ಟೀರಿಂಗ್ ಚಕ್ರವನ್ನು ಅಂಗೈ ಅಗಲ ತಿರುಗಿಸಿದರೂ ಟೈರು ಕದಲುತ್ತಿರಲಿಲ್ಲ. ಜೇವರ್ಗಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಆಸುಪಾಸಿನಲ್ಲಿ ತಗ್ಗಿಗೆ ಬಿದ್ದರೆ ಮುಂದಿನ ಚಕ್ರಗಳೆರಡೂ ಗಡಗಡ ನಡುಗುತ್ತಿದ್ದವು. ವೇಗ ತಗ್ಗಿಸುವವರೆಗೂ ನಿಲ್ಲುತ್ತಿರಲಿಲ್ಲ. ಮೂರನೆಯದು, ಸದಾ ಎಡಕ್ಕೆ ಎಳೆತ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದ ಪ್ರಕಾರ ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಸಡಿಲು ಇರಬಾರದು. ಗಡಿಯಾರದ ಮುಖದಲ್ಲಿ ಅದು ಒಂದು ಗಂಟೆಯ ಅಂತರ, 40 ಸೆಂ.ಮೀ. ವ್ಯಾಸದ ಚಕ್ರದ ಅಂಚಿನಲ್ಲಿ ಅಳೆದರೆ ಸುಮಾರು ಹತ್ತು ಸೆಂಟಿಮೀಟರ್. ನನ್ನನ್ನು ಕೇಳಿದರೆ ಇದು ಬಹಳ ಉದಾರವಾದ ಮಿತಿ. ಹತ್ತು ಸೆಂಟಿಮೀಟರ್ ಸಡಿಲು ಇಟ್ಟುಕೊಂಡು ಎದುರಿಗೆ ಸಿಮೆಂಟ್ ಲಾರಿ ಬರುವಾಗ ರಸ್ತೆ ಅಂಚಿಗೆ ಇಳಿಸುವ ಧೈರ್ಯ ನನಗಿಲ್ಲ. ಅದೇ ನಿಯಮದ ಉಳಿದ ಭಾಗವನ್ನು ಯಾರೂ ನೆನೆಯುವುದಿಲ್ಲ: ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೊಪ್ಪಿಗೆ ಇರಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕಾದ್ದರಿಂದ ನನಗಂತೂ ಇದು ಬಾಯಿಪಾಠ.

ಸಡಿಲು ಎಂಬುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಇರುವುದಿಲ್ಲ. ಕೈಯಿಂದ ಟೈರಿನವರೆಗೆ ಹತ್ತಾರು ಕೂಡುಗಳಿವೆ. ಒಂದೊಂದರಲ್ಲೂ ಎಳ್ಳಷ್ಟು ಸಡಿಲಾದರೆ ಸ್ಟೀರಿಂಗಿನಲ್ಲಿ ಅದು ಅಂಗೈ ಅಗಲವಾಗುತ್ತದೆ. ಆದ್ದರಿಂದ ಪಾನಾ ಹಿಡಿಯುವ ಮೊದಲು ಹುಡುಕುವ ಕೆಲಸ. ಅದಕ್ಕೆ ಇಬ್ಬರು ಬೇಕು. ಟೈರುಗಳು ನೆಲದ ಮೇಲೆಯೇ ಇರಲಿ, ಜ್ಯಾಕ್ ಹಾಕಬಾರದು. ತಮ್ಮನ ಮಗನನ್ನು ಸೀಟಿನಲ್ಲಿ ಕೂರಿಸಿ, ಸ್ಟೀರಿಂಗನ್ನು ಅತ್ತಿತ್ತ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಿರಲು ಹೇಳಿದೆ. ನಾನು ಕೆಳಗೆ ಮಲಗಿ ಒಂದೊಂದೇ ಕೂಡಿನ ಮೇಲೆ ಬೆರಳಿಟ್ಟು ನೋಡುತ್ತ ಬಂದೆ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದೆ. ಕೂಡಿನ ಎರಡೂ ಭಾಗ ಒಟ್ಟಿಗೆ ಚಲಿಸಿದರೆ ಸರಿ. ಒಂದು ಚಲಿಸಿ, ಕ್ಷಣ ತಡೆದು, ಇನ್ನೊಂದು 'ಟಕ್' ಎಂದು ಹಿಂಬಾಲಿಸಿದರೆ ಕಳ್ಳ ಸಿಕ್ಕ.

"ದೊಡ್ಡಪ್ಪ, ಇನ್ನೂ ಎಷ್ಟು ಹೊತ್ತು ಅಲ್ಲಾಡಿಸಬೇಕು?" ಎಂದು ಮೇಲಿನಿಂದ ಪ್ರಶ್ನೆ.

"ನಾನು ಹೊರಗೆ ಬರುವವರೆಗೆ ಅಲ್ಲಾಡಿಸುತ್ತಿರಪ್ಪ" ಎಂದೆ.

ಮೊದಲು ಸಿಕ್ಕಿದ್ದು ಬಾಕ್ಸ್ ಕೂತಿರುವ ಬೋಲ್ಟುಗಳು. ಬಾಕ್ಸೇ ಚಾಸಿಯ ಮೇಲೆ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತಿತ್ತು. ಅಂಚಿನಲ್ಲಿ ಬಣ್ಣ ಉದುರಿ ಕೆಂಪು ತುಕ್ಕಿನ ಪುಡಿ ಕೂತಿದ್ದು ಅದರ ಗುರುತು. ಇಂಥ ಬಾಕ್ಸಿನ ಒಳಗಿನ ಸ್ಕ್ರೂ ಬಿಗಿದು ಏನು ಪ್ರಯೋಜನ? ಎರಡನೆಯದು, ಬಾಕ್ಸಿನಿಂದ ಹೊರಬರುವ ಡ್ರಾಪ್ ಆರ್ಮ್ ಎಂಬ ತೋಳು ಮತ್ತು ಅದರ ಚಲನೆಯನ್ನು ಚಕ್ರದ ಕಡೆಗೆ ಒಯ್ಯುವ ಡ್ರ್ಯಾಗ್ ಲಿಂಕ್ ಎಂಬ ಸರಳು ಸೇರುವ ಬಾಲ್ ಜಾಯಿಂಟ್. ಟೊಪ್ಪಿಗೆ ಚಿಂದಿಯಾಗಿ, ಒಳಗೆ ಗ್ರೀಸ್ ಬದಲು ಒಣ ಕೆಸರು ತುಂಬಿತ್ತು. ಟೈ ರಾಡ್‌ನ (ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ಸರಳು) ಬಲ ತುದಿಯಲ್ಲೂ ಸ್ವಲ್ಪ ಸಡಿಲು.

ಇನ್ನು ಚಕ್ರ ಎತ್ತಿ ನೋಡುವ ಸರದಿ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಕಡೆ ಎಲ್ಲೆಡೆ ಫರಸಿ ಬಿದ್ದಿರುವುದರಿಂದ ನಾಲ್ಕಾರು ತುಂಡು ಒಂದರ ಮೇಲೊಂದು ಪೇರಿಸಿ ಚಾಸಿಗೆ ಆನಿಸುವ ರೂಢಿ ಇದೆ. ಆ ಕಲ್ಲು ಬಿರುಕು ಬಿಡುವ ಮುನ್ನ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಇಡಿ, ಅದರ ಕೆಳಗೆ ದಪ್ಪ ಹಲಗೆ ಹಾಕಿ. ಎರೆ ನೆಲದ ಮೇಲೆ ಜ್ಯಾಕ್ ಹಾಕುವ ಯೋಚನೆಯೇ ಬೇಡ.

ಚಕ್ರದ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಅಲ್ಲಾಡಿಸಿದೆ. ಎರಡೂ ಬದಿ ಸಡಿಲು, ಎಡಕ್ಕೆ ಹೆಚ್ಚು. ಇದು ಚಕ್ರದ ಬೇರಿಂಗಿನದೋ ಕಿಂಗ್ ಪಿನ್ನಿನದೋ ಎಂದು ತಿಳಿಯಲು ಸುಲಭದ ಉಪಾಯವಿದೆ. ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಬ್ರೇಕ್ ಹಿಡಿದಾಗ ಡ್ರಮ್ ಮತ್ತು ಅದರ ಹಿಂದಿನ ತಟ್ಟೆ ಒಂದಾಗುವುದರಿಂದ ಬೇರಿಂಗಿನ ಸಡಿಲು ಮಾಯವಾಗುತ್ತದೆ. ಕಿಂಗ್ ಪಿನ್ನಿನದು ಹಾಗೆಯೇ ಉಳಿಯುತ್ತದೆ. ನನ್ನದು ಉಳಿಯಿತು.

ಕಿಂಗ್ ಪಿನ್ ಬಿಚ್ಚುವುದೇ ಇಡೀ ಕೆಲಸದ ತಿರುಳು, ತಾಳ್ಮೆಯ ಪರೀಕ್ಷೆ ಕೂಡ. ಚಕ್ರ, ಹಬ್, ಡ್ರಮ್ ತೆಗೆದ ಮೇಲೆ ಬ್ರೇಕಿನ ತಟ್ಟೆಯನ್ನು ತಂತಿಯಿಂದ ಕಮಾನು ಪಟ್ಟಿಗೆ ಕಟ್ಟಿ ತೂಗಿಸಿದೆ. ಬ್ರೇಕ್ ಪೈಪಿನ ಮೇಲೆ ಅದರ ಭಾರ ಬೀಳಬಾರದು. ಪಿನ್ನನ್ನು ಆಕ್ಸಲ್ ಕಣ್ಣಿನಲ್ಲಿ ಹಿಡಿದಿಡುವ ಅಡ್ಡ ಲಾಕ್ ಇರುತ್ತದೆ. ಅದರ ನಟ್ಟನ್ನು ಪೂರ್ತಿ ತೆಗೆಯದೆ, ತುದಿಗೆ ಸಮವಾಗಿ ನಿಲ್ಲಿಸಿ, ನಟ್ಟಿನ ಮೇಲೆ ಹೊಡೆದರೆ ಥ್ರೆಡ್ ಹಾಳಾಗುವುದಿಲ್ಲ. ಬಲಗಡೆಯದು ನಾಲ್ಕು ಏಟಿಗೆ ಬಂತು. ಎಡಗಡೆಯದು ಜಪ್ಪಯ್ಯ ಎಂದರೂ ಕದಲಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟೆ. ಏಪ್ರಿಲ್ ತಿಂಗಳು, ಹತ್ತು ಗಂಟೆಯ ನಂತರ ಅಂಗಳದಲ್ಲಿ ಬಿದ್ದ ಪಾನಾ ಮುಟ್ಟಲಾಗದಷ್ಟು ಕಾಯುತ್ತದೆ. ಹಾಗಾಗಿ ಕೆಲಸವೆಲ್ಲ ನಸುಕಿನಲ್ಲೇ. ಮರುದಿನ ಬೆಳಿಗ್ಗೆ ಹಿತ್ತಾಳೆಯ ಸರಳು ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆದಾಗ ಕಂದು ಪುಡಿ ಉದುರಿಸುತ್ತ ಪಿನ್ ಇಳಿಯತೊಡಗಿತು.

ಅದನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದೆ. ನಡುಭಾಗ, ಅಂದರೆ ಆಕ್ಸಲ್ ಕಣ್ಣಿನೊಳಗೆ ಕೂತಿದ್ದ ಭಾಗ, ಹೊಸದರಂತೆ ಹೊಳೆಯುತ್ತಿತ್ತು. ಕೆಳಗಿನ ಬುಶ್, ಅಂದರೆ ಪಿನ್ ಕೂರುವ ಲೋಹದ ಕೊಳವೆ, ಇದ್ದಲ್ಲಿ ಬಣ್ಣ ಕಪ್ಪಾಗಿ, ಒಂದು ಮಗ್ಗುಲು ತಿಂದುಹೋಗಿತ್ತು; ಹೆಬ್ಬೆರಳಿನ ಉಗುರು ಎಳೆದರೆ ಮೆಟ್ಟಿಲಿಗೆ ತಾಗಿದಂತೆ ನಿಲ್ಲುತ್ತಿತ್ತು. ಬುಶ್ಶಿನ ರಂಧ್ರ ಗುಂಡಗೆ ಉಳಿದಿರಲಿಲ್ಲ. ಗ್ರೀಸ್ ಒತ್ತುವ ನಿಪ್ಪಲ್ ಮಾತ್ರ ಹೊರಗಿನಿಂದ ಚೆನ್ನಾಗಿತ್ತು. ಬುಶ್ ಹೊರತೆಗೆದಾಗ ಕಾರಣ ಗೊತ್ತಾಯಿತು: ಹಿಂದೆ ಯಾರೋ ಬುಶ್ ಕೂರಿಸುವಾಗ ಅದರ ರಂಧ್ರವನ್ನು ನಿಪ್ಪಲ್ಲಿನ ರಂಧ್ರಕ್ಕೆ ಹೊಂದಿಸಿರಲಿಲ್ಲ. ಎಷ್ಟು ವರ್ಷ ಗ್ರೀಸ್ ಒತ್ತಿದರೂ ಅದು ಪಿನ್ನಿಗೆ ತಲುಪುವ ದಾರಿಯೇ ಇರಲಿಲ್ಲ.

ಕಿಂಗ್ ಪಿನ್ ಕಿಟ್ ಎರಡೂ ಬದಿಗೆ ಒಟ್ಟಿಗೇ ಹಾಕಬೇಕು. ಒಂದೇ ಬದಿ ಹಾಕಿ ಹಣ ಉಳಿಸುವುದು ಲೆಕ್ಕಕ್ಕೆ ಬರುವುದಿಲ್ಲ. ಹೊಸ ಬುಶ್ಶುಗಳನ್ನು ಒತ್ತಿ ಕೂರಿಸಿ, ರೀಮರ್ ಹಾಕಿಸಲು, ಅಂದರೆ ರಂಧ್ರವನ್ನು ಪಿನ್ನಿನ ಅಳತೆಗೆ ಕೊರೆಸಲು, ಆ ಬುಶ್ಶುಗಳು ಕೂರುವ ನಕಲ್‌ಗಳನ್ನು ಲೇಥ್ ಅಂಗಡಿಗೆ ಒಯ್ದೆ. ಈ ಕೆಲಸವನ್ನು ಮನೆಯಲ್ಲಿ ಎಮರಿ ಕಾಗದದಿಂದ ಉಜ್ಜಿ ಮಾಡುವವರೂ ಇದ್ದಾರೆ, ದಯವಿಟ್ಟು ಬೇಡ. ಮೇಲಿನ ಮತ್ತು ಕೆಳಗಿನ ಬುಶ್ ಒಂದೇ ಸಾಲಿನಲ್ಲಿ ಬರಬೇಕಾದರೆ ಎರಡನ್ನೂ ದಾಟುವ ಉದ್ದನೆಯ ರೀಮರ್ ಬೇಕು. "ಉಸ್ತಾದ್, ಎಷ್ಟು ಬಿಗಿ ಇಡುತ್ತೀರಿ?" ಎಂದು ಕೇಳಿದೆ. ಅವರು ಎಣ್ಣೆ ಸವರಿದ ಪಿನ್ನನ್ನು ಬುಶ್ಶಿನ ಬಾಯಿಗಿಟ್ಟು ಕೈ ಬಿಟ್ಟರು. ಅದು ತಾನಾಗಿ ಇಳಿಯಲಿಲ್ಲ. ಹೆಬ್ಬೆರಳಿನಿಂದ ಒತ್ತಿದರು, ನಯವಾಗಿ ಸರಿದುಹೋಯಿತು. "ಇಷ್ಟು" ಎಂದರು.

ಜೋಡಿಸುವಾಗ ಆಕ್ಸಲ್ ಕಣ್ಣಿನ ಕೆಳಗೆ ಥ್ರಸ್ಟ್ ಬೇರಿಂಗ್ ಬರುತ್ತದೆ. ಗಾಡಿಯ ಮುಂದಿನ ತೂಕವೆಲ್ಲ ಅದರ ಮೇಲೆ. ಅದಕ್ಕೆ ಮೇಲು ಕೆಳಗು ಇರುವುದರಿಂದ ಹಳೆಯದು ಹೇಗಿತ್ತೆಂದು ಬಿಚ್ಚುವಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆದಿದ್ದೆ. ಮೇಲೆ ಶಿಮ್ ಎಂಬ ತೆಳು ಬಿಲ್ಲೆ ಹಾಕಿ, ಫೀಲರ್ ಗೇಜಿನ 0.10 ಮಿ.ಮೀ. ಎಲೆ ಬಿಗಿಯಾಗಿ ತೂರುವಷ್ಟು ಸಂದು ಉಳಿಸಿದೆ. ಆಮೇಲೆ ಗ್ರೀಸ್ ಗನ್. ಚಕ್ರ ಎತ್ತಿದ ಸ್ಥಿತಿಯಲ್ಲೇ ಒತ್ತಬೇಕು. ನೆಲದ ಮೇಲಿದ್ದರೆ ತೂಕ ಬಿದ್ದ ಮೈಗೆ ಗ್ರೀಸ್ ಹೋಗುವುದಿಲ್ಲ.

ಬಾಲ್ ಜಾಯಿಂಟುಗಳ ವಿಷಯ ಇಷ್ಟು ದೊಡ್ಡದಲ್ಲ. ಹಳೆಯದನ್ನು ಬಿಚ್ಚಲು ಅದರ ತುದಿಗೆ ಹೊಡೆಯುವ ಬದಲು, ಅದು ಕೂತಿರುವ ತೋಳಿನ ಕಣ್ಣಿನ ಎರಡು ಬದಿಗೂ ಎರಡು ಸುತ್ತಿಗೆ ಹಿಡಿದು ಒಮ್ಮೆಲೇ ಬಡಿದರೆ ಕೂಡು ತಾನೇ ಬಿಟ್ಟುಕೊಳ್ಳುತ್ತದೆ. ಹೊಸದರ ನಟ್ ಬಿಗಿಯುವಾಗ ಸ್ಪ್ಲಿಟ್ ಪಿನ್ನಿನ ರಂಧ್ರ ಹೊಂದದಿದ್ದರೆ ಮುಂದಕ್ಕೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಹಳೆಯ ಸ್ಪ್ಲಿಟ್ ಪಿನ್ ಮತ್ತೆ ಬಳಸಬೇಡಿ. ಸ್ಟೀರಿಂಗಿನ ಯಾವ ಭಾಗಕ್ಕೂ ವೆಲ್ಡಿಂಗ್ ಮಾಡಿಸಬೇಡಿ, ಯಾರು ಎಷ್ಟೇ ಭರವಸೆ ಕೊಟ್ಟರೂ.

ಇಷ್ಟಾದ ಮೇಲೆ ಬಾಕ್ಸ್. ಡ್ರ್ಯಾಗ್ ಲಿಂಕ್ ಕಳಚಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಎಣಿಸುತ್ತ ತಿರುಗಿಸಿ, ಅರ್ಧಕ್ಕೆ ಮರಳಿ ನಿಲ್ಲಿಸಿದೆ. ಅದೇ ಬಾಕ್ಸಿನ ನಡುಬಿಂದು. ಹಲ್ಲುಗಳು ಅಲ್ಲಿ ಅತಿ ಹತ್ತಿರ ಬರುವಂತೆ ತಯಾರಿಸಿರುತ್ತಾರೆ; ನೇರ ರಸ್ತೆಯಲ್ಲಿ ಓಡುವಾಗ ಸಡಿಲು ಇರಬಾರದು ಎಂದು. ಸ್ಕ್ರೂ ಹೊಂದಿಸಬೇಕಾದದ್ದೂ ಅಲ್ಲೇ. ನನ್ನದರಲ್ಲಿ ಆಗಲೇ ಅತಿಯಾಗಿ ಬಿಗಿದಿದ್ದರಿಂದ ಮೊದಲು ಸಡಿಲಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಬಿಗಿಯುತ್ತ, ನಡುಬಿಂದು ದಾಟುವಾಗ ಕೈಗೆ ಹಿಡಿತ ತಿಳಿಯಿತೋ ಇಲ್ಲವೋ ಎಂಬಲ್ಲಿ ನಿಲ್ಲಿಸಿದೆ. ಒಳಗೆ 90 ನಂಬರಿನ ಗೇರ್ ಆಯಿಲ್. ಸೋರುತ್ತದೆಂದು ಗ್ರೀಸ್ ತುಂಬುವವರಿದ್ದಾರೆ. ಹಲ್ಲು ಒಮ್ಮೆ ತಳ್ಳಿದ ಗ್ರೀಸ್ ಮರಳಿ ಬರುವುದಿಲ್ಲ. ಸೀಲ್ ಬದಲಿಸುವುದೇ ದಾರಿ. ಇನ್ನೊಂದು: ಚಕ್ರಗಳು ನೇರವಿದ್ದು ಸ್ಟೀರಿಂಗ್ ಮಾತ್ರ ಓರೆಯಾಗಿದ್ದರೆ ಅದನ್ನು ಕಿತ್ತು ನೇರವಾಗಿ ಕೂರಿಸುವ ಚಾಳಿ ಇದೆ. ನೋಡಲು ಚೆಂದ, ಆದರೆ ಬಾಕ್ಸ್ ನಡುಬಿಂದುವಿನಿಂದ ಆಚೆಯೇ ಉಳಿಯುತ್ತದೆ. ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ ಅದನ್ನು ಸರಿಮಾಡಬೇಕು.

ಚಕ್ರಗಳ ಟೋ, ಅಂದರೆ ಮುಂದಿನ ಚಕ್ರಗಳು ಎಷ್ಟು ಒಳಮುಖ ಅಥವಾ ಹೊರಮುಖವಾಗಿವೆ ಎಂಬುದನ್ನು, ನಾನೇ ಅಳೆದೆ. ಎತ್ತಿದ ಚಕ್ರ ತಿರುಗಿಸುತ್ತ ಸುಣ್ಣ ಹಚ್ಚಿದ ಟೈರಿನ ಮೇಲೆ ಮೊಳೆಯಿಂದ ಸುತ್ತಲೂ ಒಂದು ಗೆರೆ ಎಳೆದು, ಕೆಳಗಿಳಿಸಿ, ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದೆವು. ಮುಂದೆ ಹಬ್ಬಿನ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಅಳೆದು ಗುರುತು ಹಾಕಿ, ಅದೇ ಗುರುತು ಹಿಂದೆ ಬರುವವರೆಗೆ ಗಾಡಿ ಉರುಳಿಸಿ ಮತ್ತೆ ಅಳೆದರೆ ರಿಮ್ ಸೊಟ್ಟವಿದ್ದರೂ ಲೆಕ್ಕ ತಪ್ಪುವುದಿಲ್ಲ. ಮುಂದಿನ ಅಳತೆ ಹಿಂದಿನದಕ್ಕಿಂತ 9 ಮಿ.ಮೀ. ಹೆಚ್ಚಿತ್ತು, ಚಕ್ರಗಳು ಹೊರಮುಖ. ಟೈರಿನ ಮೇಲೆ ಅಡ್ಡಲಾಗಿ ಅಂಗೈ ಆಡಿಸಿದಾಗ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ತಾಗುತ್ತಿದ್ದುದು ಇದಕ್ಕೇ. ಟೈ ರಾಡ್ ತಿರುಗಿಸಿ, ಮುಂದಿನದು 2 ಮಿ.ಮೀ. ಕಡಿಮೆ ಬರುವಂತೆ ಹೊಂದಿಸಿದೆ.

ರಸ್ತೆಗೆ ತಂದಾಗ ಸಡಿಲು ಹೋಗಿತ್ತು, ನಡುಕವೂ ಇಲ್ಲ. ಎಡಕ್ಕೆ ಎಳೆಯುವುದು ಮಾತ್ರ ಹಾಗೆಯೇ. ಗಾಳಿ ಸಮ, ಡ್ರಮ್ ಯಾವುದೂ ಬಿಸಿಯಾಗುತ್ತಿಲ್ಲ, ಟೈರು ಅದಲುಬದಲು ಮಾಡಿದರೂ ಎಳೆತ ಎಡಕ್ಕೇ. ಕೊನೆಗೆ ಟೇಪ್ ಹಿಡಿದು ಎರಡೂ ಬದಿ ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ ಅಳೆದೆವು. ಎಡಗಡೆ 14 ಮಿ.ಮೀ. ಕಡಿಮೆ. ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಬಿಚ್ಚಿದಾಗ ಕಮಾನು ಪಟ್ಟಿಗಳನ್ನು ಪೋಣಿಸಿರುವ ನಡುವಿನ ಬೋಲ್ಟ್ ತುಂಡಾಗಿ, ಆಕ್ಸಲ್ ಎಡಗಡೆ ಹಿಂದಕ್ಕೆ ಜಾರಿದ್ದು ಕಂಡಿತು. ಅಗ್ಗದ ಬೋಲ್ಟ್, ಆದರೆ ಅದಿಲ್ಲದೆ ಆಕ್ಸಲ್ಲಿಗೆ ಜಾಗ ಹಿಡಿಸುವವರಿಲ್ಲ. ಪಟ್ಟಿ ಮತ್ತು ಆಕ್ಸಲ್ ನಡುವೆ ಓರೆಯಾದ ಬೆಣೆಯೂ ಇರುತ್ತದೆ. ಕಿಂಗ್ ಪಿನ್ ಎಷ್ಟು ಹಿಂದಕ್ಕೆ ವಾಲಬೇಕೆಂದು ತೀರ್ಮಾನಿಸುವುದು ಅದೇ. ಅದರ ದಪ್ಪ ತುದಿ ಯಾವ ಕಡೆಗಿತ್ತೆಂದು ಬಣ್ಣದಿಂದ ಗುರುತು ಹಾಕಿಕೊಂಡು, ಹಾಗೆಯೇ ಮರಳಿ ಇಟ್ಟೆ. ಹೊಸ ಬೋಲ್ಟ್, ಹೊಸ ಯು ಬೋಲ್ಟ್. ಕಲ್ಲು ಹೇರಿ ಒಂದು ಖೇಪು ಹೋಗಿ ಬಂದ ಮೇಲೆ ಯು ಬೋಲ್ಟ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿದೆ. ಹೊಸದರಲ್ಲಿ ಅವು ಸ್ವಲ್ಪ ಸಡಿಲಾಗುತ್ತವೆ.

ಈಗ ಸ್ಟೀರಿಂಗಿನ ಅಂಚಿನಲ್ಲಿ ಎರಡು ಬೆರಳಿನಷ್ಟು ಸಡಿಲಿದೆ. ಇಂಥ ಹಳೆಯ ಬಾಕ್ಸಿಗೆ ಅದಕ್ಕಿಂತ ಕಡಿಮೆ ಬಯಸುವುದಿಲ್ಲ. ಬಲಗಡೆ ಕಮಾನು ಪಟ್ಟಿಯ ತುದಿ ಹಿಡಿಯುವ ಶ್ಯಾಕಲ್ ಬುಶ್ ಇನ್ನೂ ಹಳೆಯದೇ, ತಗ್ಗು ಇಳಿದಾಗ ಕಿರುಗುಟ್ಟುತ್ತದೆ. ಅದನ್ನು ಮುಂಗಾರಿಗೆ ಮುನ್ನ ಬದಲಿಸಬೇಕು. ಟೊಪ್ಪಿಗೆಗಳನ್ನು ಹೊಲದಿಂದ ಬಂದ ದಿನವೇ ನೀರಿನಿಂದ ತೊಳೆಯುವ ಕೆಲಸ ತಮ್ಮನ ಮಗನ ಪಾಲಿಗೆ ಬಿದ್ದಿದೆ.