‘ಅಲ್ಲಿ ಅದು ಲೀಗಲ್ ಅಂತೆ’ ಅಂದರೆ ನಂಬುವ ಮೊದಲು: ಲೈಂಗಿಕ ವೃತ್ತಿಯ ಕಾನೂನು ಓದುವುದು ಹೇಗೆ

ಲೈಂಗಿಕ ವೃತ್ತಿಯ ಮಾತು ಬಂದರೆ ಸಾಕು, ಒಬ್ಬರು ಜರ್ಮನಿ ಹೆಸರು ಎತ್ತುತ್ತಾರೆ, ಇನ್ನೊಬ್ಬರು ಸ್ವೀಡನ್ ಅನ್ನುತ್ತಾರೆ. ಅಲ್ಲಿ ಲೀಗಲ್, ಇಲ್ಲಿ ಅಪರಾಧ, ಚರ್ಚೆ ಮುಗೀತು. ಈ ಎರಡು ಪದ ಹಿಡಿದುಕೊಂಡು ಕೂತರೆ ಏನೂ ಗೊತ್ತಾಗುವುದಿಲ್ಲ. ನಮ್ಮ ದೇಶದ್ದೇ ನೋಡಿ. ವಯಸ್ಸಿಗೆ ಬಂದ ಹೆಂಗಸು ತಾನಾಗಿಯೇ ಈ ಕೆಲಸ ಮಾಡಿದರೆ ಅಷ್ಟೇ ಕಾರಣಕ್ಕೆ ಅದು ಅಪರಾಧವಲ್ಲ. ಆದರೆ ಆ ಕೆಲಸ ಮಾಡಲು ಬೇಕಾದ ಜಾಗ, ಜೊತೆ, ಮಾತು, ದುಡ್ಡು ಎಲ್ಲದರ ಮೇಲೂ ಒಂದೊಂದು ಸೆಕ್ಷನ್ ಇದೆ.

ಹಾಗಾಗಿ ಯಾವ ದೇಶದ ಕಾನೂನೇ ಆಗಲಿ, ಮೊದಲ ಪುಟದಿಂದ ಓದಲು ಹೋಗಬೇಡಿ. ಒಬ್ಬ ಹೆಂಗಸಿನ ಒಂದು ರಾತ್ರಿಯ ಕೆಲಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎಲ್ಲಿ ನಿಲ್ಲುತ್ತಾಳೆ, ಯಾರ ಕೋಣೆಗೆ ಹೋಗುತ್ತಾಳೆ, ದುಡ್ಡು ಯಾರ ಕೈಗೆ ಹೋಗುತ್ತದೆ, ಗಿರಾಕಿ ಹೊಡೆದರೆ ಯಾರಿಗೆ ಹೇಳುತ್ತಾಳೆ. ಒಂದೊಂದು ಕಡೆಯೂ ಯಾವ ಸೆಕ್ಷನ್ ಕೈ ಹಾಕುತ್ತದೆ ಅಂತ ಹುಡುಕಿ. (ಇಲ್ಲಿ ಹೇಳುತ್ತಿರುವುದು ವಯಸ್ಕರ ಬಗ್ಗೆ ಮಾತ್ರ. 18 ತುಂಬದವರನ್ನು ಇದಕ್ಕೆ ಇಳಿಸುವುದು, ಬಲವಂತದಿಂದ ಸಾಗಿಸುವುದು ಬೇರೆಯೇ ಅಪರಾಧ, ಅದರಲ್ಲಿ ವಾದ ಏನಿಲ್ಲ.)

ನಿಲ್ಲುವ ಜಾಗದಿಂದ ಶುರು ಮಾಡಿ. ನಮ್ಮ ಕಾಯ್ದೆ 1956ರದ್ದು, ಹೆಸರು ಅನೈತಿಕ ಸಾಗಾಣಿಕೆ (ತಡೆ) ಕಾಯ್ದೆ, ಇಂಗ್ಲಿಷಿನಲ್ಲಿ ಚಿಕ್ಕದಾಗಿ ಐಟಿಪಿಎ ಅಂತಾರೆ. ಅದರ 8ನೇ ಸೆಕ್ಷನ್ ಪ್ರಕಾರ ಗಿರಾಕಿಯನ್ನು ಕರೆಯುವುದು, ಸನ್ನೆ ಮಾಡುವುದು ಅಪರಾಧ. ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು ಆಗಬಹುದು. 7ನೇ ಸೆಕ್ಷನ್ ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಂಥ ಜಾಗಗಳಿಂದ 200 ಮೀಟರ್ ಒಳಗೆ ವೃತ್ತಿ ಮಾಡಬಾರದು ಅನ್ನುತ್ತದೆ. ನಿಮ್ಮ ಊರಿನ ಮ್ಯಾಪ್ ತೆಗೆದು ಪ್ರತಿ ಗುಡಿ, ಮಸೀದಿ, ಚರ್ಚು, ಶಾಲೆ, ನರ್ಸಿಂಗ್ ಹೋಂ ಸುತ್ತ 200 ಮೀಟರಿನ ವೃತ್ತ ಎಳೆಯಿರಿ ನೋಡೋಣ. ಪೇಟೆಯೊಳಗೆ ಖಾಲಿ ಜಾಗ ಎಷ್ಟು ಉಳಿಯುತ್ತದೆ? ಬಸ್ ಸ್ಟ್ಯಾಂಡ್ ಹತ್ತಿರ ಸುಮ್ನೆ ನಿಂತವಳನ್ನೂ ಪೆಟ್ಟಿ ಕೇಸಿನಲ್ಲಿ ಕರೆದೊಯ್ಯಬಹುದು, ಕೈಯಲ್ಲಿ ಇದ್ದದ್ದನ್ನು ಕಿತ್ತುಕೊಂಡು ಬಿಡಲೂಬಹುದು.

ಈಗ ಕೋಣೆ. ಕಾನೂನಿನ ನಿಜವಾದ ಬಣ್ಣ ಗೊತ್ತಾಗುವುದು ಇಲ್ಲಿ. ‘ವೇಶ್ಯಾಗೃಹ’ ಅಂದರೆ ಏನು ಅಂತ ಕಾಯ್ದೆಯಲ್ಲಿ ಎಲ್ಲಿ ಬರೆದಿದ್ದಾರೆ ಅಂತ ಹುಡುಕಿ ಓದಿ. ನಮ್ಮಲ್ಲಿ ಇಬ್ಬರು ಹೆಂಗಸರು ಸೇರಿ ತಮ್ಮಿಬ್ಬರ ಲಾಭಕ್ಕೆ ಒಂದು ಮನೆ ಬಳಸಿದರೂ ಅದು ವೇಶ್ಯಾಗೃಹವೇ. ಅಂದರೆ ಘರ್‌ವಾಲಿಯ (ವೇಶ್ಯಾಗೃಹ ನಡೆಸುವವಳ) ಕಾಟ ಬೇಡ, ನಾವಿಬ್ಬರೇ ಜೊತೆಗಿರೋಣ, ಒಬ್ಬಳಿಗೆ ತೊಂದರೆಯಾದರೆ ಇನ್ನೊಬ್ಬಳು ಇರ್ತಾಳೆ ಅಂದುಕೊಂಡರೂ ಸಿಕ್ಕಿಬಿದ್ದಂತೆ.

ಇದು ನಮ್ಮದೊಂದೇ ಕಥೆ ಅಲ್ಲ. ಐರ್ಲೆಂಡ್ 2017ರಲ್ಲಿ ಗಿರಾಕಿಗೆ ಶಿಕ್ಷೆ, ಹೆಂಗಸಿಗೆ ಇಲ್ಲ ಅಂತ ಹೊಸ ಕಾನೂನು ಮಾಡಿತು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಅದೇ ಕಾನೂನಿನಲ್ಲಿ ವೇಶ್ಯಾಗೃಹ ನಡೆಸುವವರ ಶಿಕ್ಷೆಯನ್ನೂ ಹೆಚ್ಚಿಸಿದರು. 2019ರಲ್ಲಿ ಒಂದೇ ಮನೆಯಲ್ಲಿದ್ದ ಇಬ್ಬರು ವಲಸೆ ಹೆಂಗಸರಿಗೆ ತಲಾ 9 ತಿಂಗಳ ಜೈಲು ವಿಧಿಸಿದರು. ಅವರಲ್ಲಿ ಒಬ್ಬಳು ಬಸುರಿ. ನಾರ್ವೆಯಲ್ಲಿ ಇನ್ನೊಂದು ಥರ. ಬಾಡಿಗೆಗೆ ಕೊಟ್ಟರೆ ನಿಮ್ಮ ಮೇಲೇ ಕೇಸು ಅಂತ ಓಸ್ಲೋ ಪೊಲೀಸರು ಮನೆ ಮಾಲೀಕರಿಗೆ ಹೇಳಿದರು, ಮಾಲೀಕರು ಹೆಂಗಸರನ್ನು ಹೊರಗೆ ಹಾಕಿದರು. ಆ ಕಾರ್ಯಾಚರಣೆಗೆ ಪೊಲೀಸರೇ ಇಟ್ಟ ಹೆಸರಿನ ಅರ್ಥ ‘ಮನೆಯಿಲ್ಲದವರು’. ನ್ಯೂಜಿಲೆಂಡ್ 2003ರಲ್ಲಿ 60–59 ಮತದಲ್ಲಿ ಪಾಸು ಮಾಡಿದ ಕಾನೂನು ಇದಕ್ಕೆ ತಿರುಗಾಮುರುಗಾ. ನಾಲ್ಕು ಜನರವರೆಗೆ ಒಟ್ಟಿಗೆ ಕೆಲಸ ಮಾಡಬಹುದು, ಅವರವರ ದುಡ್ಡು ಅವರವರ ಕೈಯಲ್ಲಿ ಇದ್ದರೆ ಲೈಸೆನ್ಸ್ ಕೂಡ ಬೇಡ.

ಕೋಣೆಯನ್ನೇ ಕೆಡವಿಬಿಟ್ಟರೆ? ಗೋವಾದ ಬೈನಾ ಬೀಚ್‌ನಲ್ಲಿದ್ದ ವೇಶ್ಯಾವಾಟಿಕೆಯಲ್ಲಿ 2004ರಲ್ಲಿ ಹಾಗೇ ಆಯಿತು. ಅಲ್ಲಿದ್ದವರಲ್ಲಿ ನಮ್ಮ ಕಡೆಯಿಂದ ಹೋದ ಹೆಂಗಸರೂ ಇದ್ದರು. ಬುಲ್ಡೋಜರ್ ಬಂತು, ಬೀಚ್ ಖಾಲಿಯಾಯಿತು, ಕೆಲಸ ಲಾಡ್ಜು, ಬಾಡಿಗೆ ರೂಮುಗಳಿಗೆ ಚದುರಿತು. ಕಾಂಡೋಮ್ ಹಂಚುತ್ತಿದ್ದ ಕಾರ್ಯಕರ್ತರಿಗೆ ಅವರನ್ನು ಹುಡುಕುವುದೇ ಕಷ್ಟವಾಯಿತು.

ದುಡ್ಡಿನ ಸೆಕ್ಷನ್ ಚಿಕ್ಕದು, ಆದರೆ ಮನೆಯೊಳಗೆ ಬರುತ್ತದೆ. ಐಟಿಪಿಎ 4ನೇ ಸೆಕ್ಷನ್ ಪ್ರಕಾರ ಇನ್ನೊಬ್ಬರ ಇಂಥ ಸಂಪಾದನೆಯಲ್ಲಿ ಗೊತ್ತಿದ್ದೂ ಬದುಕುವ 18 ದಾಟಿದ ಯಾರೇ ಆದರೂ ತಪ್ಪಿತಸ್ಥರು. ದಲ್ಲಾಳಿಗಳನ್ನು ಹಿಡಿಯಲು ಮಾಡಿದ್ದು, ಸರಿ. ಆದರೆ ಅಮ್ಮನ ದುಡ್ಡಲ್ಲಿ ಡಿಗ್ರಿ ಓದುವ ಮಗ, ಮಗಳ ದುಡ್ಡಲ್ಲಿ ಮಾತ್ರೆ ತಗೊಳ್ಳುವ ಮುದುಕಿ ತಾಯಿ ಇಬ್ಬರೂ ಅದೇ ಸಾಲಿನಲ್ಲಿ ಬಂದುಬಿಡುತ್ತಾರೆ.

ಆಮೇಲೆ ರಿಜಿಸ್ಟರ್. ‘ನೋಂದಣಿ ಮಾಡಿಸಿ, ಡಾಕ್ಟರ್ ಹತ್ತಿರ ಕಳಿಸಿ, ಕಾರ್ಡ್ ಕೊಡಿ’ ಅನ್ನುವ ಸಲಹೆ ಕಂಡರೆ ನಿಂತು ಯೋಚಿಸಿ. ಬ್ರಿಟಿಷರು 1868ರಲ್ಲಿ ಇದನ್ನೇ ಮಾಡಿದ್ದರು: ಹೆಂಗಸರ ಹೆಸರು ಬರೆಸಿಕೊಂಡು ಬಲವಂತದ ತಪಾಸಣೆ, ಕಾಯಿಲೆ ಇದ್ದರೆ ಲಾಕ್ ಆಸ್ಪತ್ರೆಯಲ್ಲಿ (ಲೈಂಗಿಕ ರೋಗಗಳ ಆಸ್ಪತ್ರೆಗೆ ಆಗಿನ ಹೆಸರು) ಕೂಡಿಹಾಕುವುದು. ಅವರ ಹತ್ತಿರ ಹೋಗುತ್ತಿದ್ದ ಗಂಡಸರಿಗೆ ಆ ಕಾಯ್ದೆ ತಾಗುತ್ತಲೇ ಇರಲಿಲ್ಲ. ಸೆನೆಗಲ್‌ನಲ್ಲಿ 1969ರಿಂದ ನೋಂದಣಿ ಇದೆ, 21 ವರ್ಷ ಆಗಿರಬೇಕು, ಆಗಾಗ ತಪಾಸಣೆ ಮಾಡಿಸಬೇಕು. ಆ ಕಾರ್ಡು ಮನೆಯವರ ಕಣ್ಣಿಗೆ ಬಿದ್ದರೆ ಅಂತ ಹೆದರಿ ಎಷ್ಟೋ ಜನ ದೂರ ಉಳಿಯುತ್ತಾರೆ. ಜರ್ಮನಿ 2017ರಿಂದ ನೋಂದಣಿ ಕಡ್ಡಾಯ ಮಾಡಿತು. 2019ರ ಕೊನೆಗೆ ಹೆಸರು ಬರೆಸಿದ್ದವರು ಸುಮಾರು 40,400. ವೃತ್ತಿಯಲ್ಲಿರುವವರು ಇದಕ್ಕಿಂತ ಎಷ್ಟೋ ಜಾಸ್ತಿ ಅಂತ ಎಲ್ಲರೂ ಒಪ್ಪುತ್ತಾರೆ. ಹೆಸರು ಬರೆಸದವರು ಲೀಗಲ್ ದೇಶದಲ್ಲಿ ಇಲ್ಲೀಗಲ್ ಆಗಿ ಉಳಿದರು.

ಉತ್ತರ ಕರ್ನಾಟಕದಲ್ಲಿ ಇದೇ ವಿಷಯ ಉಲ್ಟಾ. ಮಾಜಿ ದೇವದಾಸಿಯರಿಗೆ (ಎಲ್ಲರೂ ಈ ವೃತ್ತಿಯಲ್ಲಿ ಇದ್ದವರಲ್ಲ, ನೆನಪಿರಲಿ) ಮಾಸಾಶನ ಸಿಗಬೇಕಾದರೆ ಸರ್ಕಾರದ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರು ಇರಬೇಕು. ಪಟ್ಟಿಗೆ ಸೇರಿಸಿ ಅಂತ ಇವರೇ ಕಚೇರಿ ಅಲೆಯುತ್ತಾರೆ. ಆದ್ದರಿಂದ ಪಟ್ಟಿ ಇದೆಯೋ ಇಲ್ಲವೋ ಅಂತಷ್ಟೇ ನೋಡಬೇಡಿ, ಹೆಸರು ಬರೆಸಿದವಳಿಗೆ ಬದಲಿಗೆ ಏನು ಸಿಗುತ್ತದೆ ಅಂತ ನೋಡಿ.

ಮುಖ್ಯವಾದದ್ದು ದೂರು. ಗಿರಾಕಿ ಹೊಡೆದ, ಮಾಲೀಕ ಕೈ ಹಾಕಿದ, ಸ್ಟೇಷನ್ನಿಗೆ ಹೋದರೆ ಅವಳೇ ಆರೋಪಿ ಆಗುತ್ತಾಳಾ? ನ್ಯೂಜಿಲೆಂಡಿನಲ್ಲಿ 2014ರಲ್ಲಿ ಒಬ್ಬ ಲೈಂಗಿಕ ಕಾರ್ಮಿಕೆ ತನ್ನ ಮಾಲೀಕನ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟು 25,000 ಡಾಲರ್ ಪರಿಹಾರ ಗೆದ್ದಳು. ಬೆಲ್ಜಿಯಂನಲ್ಲಿ 2024ರ ಡಿಸೆಂಬರ್‌ನಿಂದ ಕರಾರು ಪತ್ರ, ಹೆರಿಗೆ ರಜೆ, ಪಿಂಚಣಿ ಎಲ್ಲಾ ಇದೆ, ಗಿರಾಕಿ ಬೇಡ ಅನ್ನುವ ಹಕ್ಕೂ ಇದೆ. ಸ್ವೀಡನ್ 1999ರಲ್ಲಿ ಕೊಳ್ಳುವವನನ್ನು ಮಾತ್ರ ಅಪರಾಧಿ ಮಾಡಿತು, ಬೀದಿಯ ವ್ಯವಹಾರ ಅರ್ಧಕ್ಕೆ ಇಳಿಯಿತು ಅಂತ ಅಲ್ಲಿನ ಸರ್ಕಾರಿ ವರದಿ ಹೇಳುತ್ತದೆ. ಇರಬಹುದು. ಆದರೆ ಹೆದರಿದ ಗಿರಾಕಿ ಆತುರದಲ್ಲಿರುತ್ತಾನೆ, ಕತ್ತಲ ಮೂಲೆ ಹುಡುಕುತ್ತಾನೆ. ಅವನು ಎಂಥವನು ಅಂತ ಅಳೆಯಲು ಅವಳಿಗೆ ಸಮಯ ಸಿಗುವುದಿಲ್ಲ. ನನಗೆ ಆ ಮಾದರಿ ಅಷ್ಟಾಗಿ ಹಿಡಿಸದಿರುವುದು ಇದಕ್ಕೇ.

ನ್ಯೂಜಿಲೆಂಡ್ ಹೊಗಳುವವರು (ನಾನೂ ಸೇರಿ) ಅಲ್ಲಿನ 2003ರ ಕಾನೂನಿನ 19ನೇ ಸೆಕ್ಷನ್ ಓದಬೇಕು. ತಾತ್ಕಾಲಿಕ ವೀಸಾದಲ್ಲಿ ಬಂದವರು ಈ ಕೆಲಸ ಮಾಡುವಂತಿಲ್ಲ, ಮಾಡಿದರೆ ಗಡೀಪಾರು. ಆ ಭಯ ಇರುವವಳು ದೂರು ಕೊಡಲು ಎಲ್ಲಿ ಹೋಗುತ್ತಾಳೆ?

ಪತ್ರಿಕೆಯ ಹೆಡ್‌ಲೈನ್ ಮಾತ್ರ ನಂಬಬೇಡಿ. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶವನ್ನು ‘ಲೈಂಗಿಕ ವೃತ್ತಿ ಇನ್ನು ಕಾನೂನುಬದ್ಧ’ ಅಂತ ಎಷ್ಟೋ ಕಡೆ ಬರೆದರು. 1956ರ ಕಾಯ್ದೆಯ ಒಂದು ಸೆಕ್ಷನ್ನೂ ಅಂದು ಹೋಗಲಿಲ್ಲ. ಕೋರ್ಟ್ ಹೇಳಿದ್ದು ಬೇರೆ: ಪೊಲೀಸರು ಮರ್ಯಾದೆಯಿಂದ ನಡೆದುಕೊಳ್ಳಬೇಕು, ಬೈಯುವುದು ಹೊಡೆಯುವುದು ಕೂಡದು. ರೇಡ್ ಆದಾಗ ಮಾಧ್ಯಮದವರು ಹೆಂಗಸರ ಮುಖ, ಹೆಸರು ತೋರಿಸಬಾರದು. ಕಾಂಡೋಮ್ ಸಿಕ್ಕಿತು ಅಂತ ಅದನ್ನೇ ಸಾಕ್ಷಿ ಮಾಡಬಾರದು. ಅತ್ಯಾಚಾರಕ್ಕೆ ಒಳಗಾದರೆ ಎಲ್ಲರಂತೆ ಅವಳಿಗೂ ತಕ್ಷಣ ಚಿಕಿತ್ಸೆ ಸಿಗಬೇಕು. ತಾನಾಗಿಯೇ ವೃತ್ತಿಯಲ್ಲಿರುವ ವಯಸ್ಕರ ವಿಷಯದಲ್ಲಿ ಪೊಲೀಸರು ತಲೆ ಹಾಕಬಾರದು ಅಂತ ಕೋರ್ಟೇ ನೇಮಿಸಿದ್ದ ಸಮಿತಿ ಮಾಡಿದ ಶಿಫಾರಸಿಗೆ ಕೇಂದ್ರ ಸರ್ಕಾರ ತಕರಾರು ಎತ್ತಿತ್ತು. ಪಾಲಿಸಲೇಬೇಕು ಅಂತ ಕೋರ್ಟ್ ಹೇಳಿದ ಪಟ್ಟಿಯಲ್ಲಿ ಅದು ಇಲ್ಲ.

ಈ ಆದೇಶ ಬೇಕಾಗುವ ಯಾರಾದರೂ ನಿಮಗೆ ಗೊತ್ತಿದ್ದರೆ ಇಷ್ಟು ತಿಳಿಸಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ, ಸಹಾಯವಾಣಿ 15100. ವಿಳಾಸದ ದಾಖಲೆ ಇಲ್ಲ ಅಂತ ಆಧಾರ್ ಸಿಗದಿದ್ದರೆ ರಾಜ್ಯ ಏಡ್ಸ್ ನಿಯಂತ್ರಣ ಸೊಸೈಟಿಯ ಯೋಜನಾ ನಿರ್ದೇಶಕರು ಕೊಡುವ ಪ್ರಮಾಣಪತ್ರದ ಮೇಲೆ ಮಾಡಿಸಬಹುದು. ಅವಳ ವೃತ್ತಿ ಯಾವುದು ಅಂತ ತೋರಿಸುವ ಯಾವ ಗುರುತೂ ಆ ನೋಂದಣಿಯಲ್ಲಿ ಇರಬಾರದು ಅಂತಲೂ ಅದೇ ಆದೇಶದಲ್ಲಿದೆ.